ಮಳೆಗೆ ಇಂಚು, ಸ್ಕ್ಯಾನಿಗೆ?

ಕೊಡಗಿನ ಕಾಫಿ ಬೆಳೆಗಾರರನ್ನು ಹೂಮಳೆ, ಅಂದರೆ ಕಾಫಿ ಹೂವರಳಿಸುವ ಮಳೆ, ಎಷ್ಟಾಯ್ತು ಅಂತ ಕೇಳಿ ನೋಡಿ. ‘ಒಂದು ಇಂಚು ಇಪ್ಪತ್ತು ಸೆಂಟು’ ಎಂದು ಇಂಚಿನ ನೂರನೇ ಭಾಗದವರೆಗೂ ಥಟ್ಟನೆ ಹೇಳುತ್ತಾರೆ. ಅಜ್ಜನ ಕಾಲದ ಮಳೆ ಲೆಕ್ಕದ ಡೈರಿಗಳೂ ಕಪಾಟಿನಲ್ಲಿ ಭದ್ರ. ಅದೇ ಕಪಾಟಿನ ಮೇಲೆ ಸಿಟಿ ಸ್ಕ್ಯಾನ್ ಫಿಲಂಗಳ ದೊಡ್ಡ ಕಟ್ಟು. ಇದರಲ್ಲಿ ಮೈಮೇಲೆ ಕಿರಣ ಎಷ್ಟು ಬಿತ್ತು ಅಂದರೆ, ‘ಆರು ಸಾವಿರ ರೂಪಾಯಿ ಬಿತ್ತು’ ಎನ್ನುತ್ತಾರೆ.

ಹಾಗಂತ ನಮ್ಮವರಿಗೆ ರೇಡಿಯೇಷನ್ ಭಯ ಇಲ್ಲ ಅಂತಲ್ಲ. ಊರಿಗೆ ಮೊಬೈಲ್ ಟವರ್ ಬರಲಿ, ಗ್ರಾಮಸಭೆಯಲ್ಲಿ ಮೈಕ್ ಕಿತ್ತುಕೊಳ್ಳುತ್ತಾರೆ. ಗುಬ್ಬಿ ಹೋಯ್ತು, ಜೇನು ಹೋಯ್ತು, ಇನ್ನು ನಮ್ಮದೇ ಸರದಿ! (ಸಭೆ ಮುಗಿದ ಮೇಲೆ ನೆಟ್‌ವರ್ಕ್ ಹುಡುಕಿಕೊಂಡು ಗುಡ್ಡ ಹತ್ತುವುದು ಬೇರೆ ವಿಷಯ.) ಟವರಿನ ಅಲೆಗಳಿಗೆ ಡಿಎನ್‌ಎ ಮುರಿಯುವಷ್ಟು ಶಕ್ತಿಯಿಲ್ಲ. ಎಕ್ಸ್-ರೇಗೆ ಇದೆ. ಸಿಟಿ ಸ್ಕ್ಯಾನ್ ಅಂದರೂ ಎಕ್ಸ್-ರೇಯೇ, ಸುತ್ತು ಹಾಕಿಕೊಂಡು ತೆಗೆಯುವುದು. ಆದರೆ ಅದಕ್ಕೆ ಎಸಿ ರೂಮಿದೆ, ಬಿಲ್ಲಿದೆ. ದುಡ್ಡು ಕೊಟ್ಟು ತಗೊಂಡದ್ದು ಕೆಟ್ಟದ್ದಾಗಿರಲು ಸಾಧ್ಯವೇ?

ಮಳೆಗೆ ಇಂಚು ಇದ್ದಂತೆ ಮೈಗೆ ಬೀಳುವ ಕಿರಣಕ್ಕೆ ಮಿಲಿಸೀವರ್ಟ್. ಎದೆಯ ಒಂದು ಎಕ್ಸ್-ರೇಯಲ್ಲಿ ಸುಮಾರು 0.1 ಮಿಲಿಸೀವರ್ಟ್. ಹೊಟ್ಟೆಯ ಒಂದು ಸಿಟಿಯಲ್ಲಿ ಸುಮಾರು 8. ನೆಲ, ಗಾಳಿ, ಆಕಾಶದಿಂದ ಮನುಷ್ಯನಿಗೆ ವರ್ಷಕ್ಕೆ ಪುಕ್ಕಟೆ ಸಿಗುವುದು ಸರಾಸರಿ 2.4. ಅಂದರೆ ಮೂರು ವರ್ಷದ್ದನ್ನು ಒಂದೇ ಬೆಳಿಗ್ಗೆ ಮುಗಿಸಿ, ಮೇಲೆ ಕಾಫಿ ಕುಡಿದು ಬರಬಹುದು. ಅಲ್ಟ್ರಾಸೌಂಡ್‌ನಲ್ಲಿ, ಎಂಆರ್‌ಐಯಲ್ಲಿ ಈ ಕಿರಣವೇ ಇಲ್ಲ. ಪಾಪ, ಎಂಆರ್‌ಐ ಗಡಗಡ ಸದ್ದು ಮಾಡುತ್ತದೆ, ಅದಕ್ಕೇ ಎಲ್ಲರಿಗೂ ಭಯ.

ಒಂದು ಸ್ಕ್ಯಾನಿನಿಂದ ಆಗುವ ಅಪಾಯ ಸಣ್ಣದು. ಬೇಕಾದಾಗ ಮಾಡಿಸಲೇಬೇಕು, ಅದರಲ್ಲಿ ತಕರಾರಿಲ್ಲ. ತಮಾಷೆ ಇರುವುದು ಅದರ ಪ್ರವಾಸದಲ್ಲಿ. ಮಡಿಕೇರಿಯಲ್ಲಿ ಹೊಟ್ಟೆನೋವಿಗೆ ಒಂದು ಸಿಟಿ. ದೊಡ್ಡ ಡಾಕ್ಟರು ಬೇಕು ಅಂತ ಮೈಸೂರಿಗೆ ಹೊರಟರೆ 120 ಕಿ.ಮೀ. ದಾರಿ. ಕುಶಾಲನಗರ ದಾಟುವಷ್ಟರಲ್ಲೇ ಫಿಲಂಗೆ ಮುಪ್ಪು ಬಂದಿರುತ್ತದೆ. ಅಲ್ಲಿನವರು ಕವರನ್ನು ಬಿಚ್ಚದೆಯೇ, ‘ಇದು ಕ್ಲಿಯರ್ ಇಲ್ಲ, ನಮ್ಮಲ್ಲೇ ಇನ್ನೊಂದು ತೆಗೆಸಿ’ ಎನ್ನುತ್ತಾರೆ. ಅಷ್ಟರಲ್ಲಿ ಭಾವನ ಫೋನು: ‘ಮಂಗಳೂರಲ್ಲಿ ನಮ್ಮ ಪರಿಚಯದವರು ಇದ್ದಾರೆ, ಬನ್ನಿ.’ ಘಟ್ಟ ಇಳಿದ ಫಿಲಂ ಇನ್ನೂ ಮಸುಕು. ಮೂರನೆಯದು. ಕೊನೆಗೆ ಗ್ಯಾಸ್ಟ್ರಿಕ್ ಮಾತ್ರೆ. ಕಿರಣದ ಕೆಲಸ ಮಾಡುವ ಸಿಬ್ಬಂದಿಗೆ ಐದು ವರ್ಷದ ಸರಾಸರಿಯಲ್ಲಿ ವರ್ಷಕ್ಕೆ 20 ಮಿಲಿಸೀವರ್ಟ್ ಮಿತಿ. ನಮ್ಮ ಬೆಳೆಗಾರರು ಹದಿನೈದು ದಿನದಲ್ಲಿ 24 ಹೊಡೆದು ಅಜೇಯರಾಗಿದ್ದಾರೆ.

ಲೆಕ್ಕ ಇಲ್ಲವೇ ಇಲ್ಲ ಅಂತಲ್ಲ. ಪ್ರತಿ ಸ್ಕ್ಯಾನಿಗೂ ಡೋಸ್ ಎಷ್ಟೆಂದು ಯಂತ್ರ ತಾನೇ ಬರೆದಿಡುತ್ತದೆ. ರಿಪೋರ್ಟಿನಲ್ಲಿ ಅದನ್ನು ಹುಡುಕಬೇಡಿ ಅಷ್ಟೇ, ಅಲ್ಲಿ ಆಸ್ಪತ್ರೆಯ ಲೋಗೋಗೆ ಜಾಗ ಬೇಕು. ಟೆಕ್ನಿಷಿಯನ್ ಎದೆಯ ಮೇಲಿನ, ಕಿರಣ ಅಳೆಯುವ ಪುಟ್ಟ ಬ್ಯಾಡ್ಜನ್ನೂ ಮೂರು ತಿಂಗಳಿಗೊಮ್ಮೆ ಕಳಿಸಿ ಪರೀಕ್ಷಿಸುತ್ತಾರೆ.

‘ಅಂಥದ್ದು ನಮಗೂ ಒಂದು ಕೊಡಿಯಪ್ಪ.’

‘ಅದು ಪೇಷೆಂಟಿಗೆ ಇಲ್ಲ ಸಾರ್. ಕೈ ಮೇಲೆತ್ತಿ ಮಲಗಿ. ಉಸಿರು ಬಿಗಿ ಹಿಡೀರಿ.’