ಕೋಟೆಗೆ ಕಾವಲಿದೆ, ಪೇಟೆಯ ಅಂಗಡಿಗೆ?

ಚಿತ್ರದುರ್ಗದ ಹಳೇ ಪೇಟೆಯಲ್ಲಿ ಒಂದು ಗ್ರಂಥಿಗೆ ಅಂಗಡಿ ಇದೆ. ಅಕ್ಕನ ಬಾಣಂತನದ ಸಾಮಾನು ತರಲು ಅಮ್ಮ ನನ್ನನ್ನು ಅಲ್ಲಿಗೇ ಕಳಿಸುತ್ತಿದ್ದರು. ಮೆಟ್ಟಿಲು ಹತ್ತುವ ಮೊದಲೇ ಬಜೆ, ಹಿಪ್ಪಲಿ, ಲಾವಂಚದ ವಾಸನೆ ಬರುತ್ತಿತ್ತು. ಒಳಗೆ ನೆಲದಿಂದ ಅಟ್ಟದವರೆಗೆ ಸಣ್ಣ ಸಣ್ಣ ಮರದ ಡ್ರಾಯರ್‌ಗಳು. ಒಂದರ ಮೇಲೂ ಹೆಸರಿಲ್ಲ. ಅಂಗಡಿ ಅಜ್ಜ ನಮ್ಮ ಜೊತೆ ಮಾತಾಡುತ್ತಲೇ ಹಿಂದಕ್ಕೆ ಕೈ ಚಾಚಿ ಬೇಕಾದ್ದನ್ನೇ ಎಳೆಯುತ್ತಿದ್ದರು. ಹಿತ್ತಾಳೆ ತಕ್ಕಡಿಯಲ್ಲಿ ತೂಗಿ, ಪೊಟ್ಟಣ ಕಟ್ಟಿ, ದಾರ ಸುತ್ತಿ ಕೊಡುತ್ತಿದ್ದರು. ರಾತ್ರಿ ಬಾಗಿಲು ಹಾಕುವುದು ಅಂದರೆ ನಂಬರ್ ಬರೆದ ಹಲಗೆಗಳನ್ನು ಒಂದೊಂದಾಗಿ ಜೋಡಿಸುವುದು. ಈಗಲೂ ಹಾಗೇ ಇದೆ.

ಹೋದ ತಿಂಗಳು ಅದರ ಪಕ್ಕದ ಹಳೇ ಅಂಗಡಿಯನ್ನು ಕಿತ್ತರು. ತೇಗದ ಬೀರು, ಗಲ್ಲಾ ಪೆಟ್ಟಿಗೆ ಎಲ್ಲ ಒಂದು ಲಾರಿಗೆ ಹೋಯಿತು. ಈಗ ಅಲ್ಲಿ ರೋಲಿಂಗ್ ಶಟರ್. ಅವತ್ತು ನನಗೆ ಊಟ ಸೇರಲಿಲ್ಲ.

ಕೋಟೆಯನ್ನು ನಾವು ಹೀಗೆ ಬಿಡುವುದಿಲ್ಲ ಅಲ್ವಾ? 1958ರ ಕೇಂದ್ರ ಕಾಯ್ದೆಗೆ 2010ರಲ್ಲಿ ತಿದ್ದುಪಡಿ ಬಂತು. ಅದರ ಪ್ರಕಾರ ರಕ್ಷಿತ ಸ್ಮಾರಕದಿಂದ 100 ಮೀಟರ್ ಒಳಗೆ ಹೊಸ ಕಟ್ಟಡ ಕಟ್ಟುವಂತಿಲ್ಲ. ಅದರಾಚೆಯ 200 ಮೀಟರ್‌ನಲ್ಲಿ ಅನುಮತಿ ಬೇಕು. ಮದಕರಿ ನಾಯಕರ ಕೋಟೆಗೆ ಅಷ್ಟು ಕಾವಲು ಇರಲೇಬೇಕು. ಆದರೆ ಅದರ ಬುಡದಲ್ಲೇ ಇರುವ ಪೇಟೆಯ ಹಳೇ ಅಂಗಡಿಗಳೂ ಈ ಊರಿನ ಆಸ್ತಿಯೇ.

ಹಳೇ ಕಟ್ಟಡ ಉಳಿಸಿ ಅಂದರೆ ಎಲ್ಲರೂ ಮುಂದಿನ ಗೋಡೆ ನೋಡುತ್ತಾರೆ. ಅಂಗಡಿಯ ಜೀವ ಇರುವುದು ಒಳಗೆ. ಇಂಗ್ಲೆಂಡಿನಲ್ಲಿ ಒಂದು ಕಟ್ಟಡ ರಕ್ಷಿತ ಪಟ್ಟಿಗೆ ಸೇರಿದರೆ ಹೊರಗಿನಷ್ಟೇ ರಕ್ಷಣೆ ಒಳಗೂ ಸಿಗುತ್ತದೆ. ಎಸ್ಟೋನಿಯಾ ದೇಶದ ಟ್ಯಾಲಿನ್ ನಗರದಲ್ಲಿ ಒಂದು ಔಷಧಿ ಅಂಗಡಿಯಿದೆ. ಅದರ ಹೆಸರು 1422ರ ದಾಖಲೆಯಲ್ಲೇ ಸಿಗುತ್ತದೆ. ಇವತ್ತಿಗೂ ಅಲ್ಲಿ ಔಷಧಿ ಮಾರುತ್ತಾರೆ. ನನಗೆ ಬೇಕಾದ್ದು ಅದೇ, ವ್ಯಾಪಾರ ನಡೆಯುತ್ತಿರುವಾಗಲೇ ಉಳಿಸುವುದು.

"ಡ್ರಾಯರ್‌ಗಳನ್ನು ರಂಗಯ್ಯನ ಬಾಗಿಲ ಮ್ಯೂಸಿಯಂಗೆ ಕೊಡಿಸಿಬಿಡು" ಎಂದ ಒಬ್ಬ ಗೆಳೆಯ. ಕೊಟ್ಟರೆ ಮರ ಉಳಿಯುತ್ತದೆ. ಯಾವ ಡ್ರಾಯರ್‌ನಲ್ಲಿ ಏನು, ಯಾವುದಕ್ಕೆ ಎಷ್ಟು ಎನ್ನುವ ಅಜ್ಜನ ಲೆಕ್ಕ ಉಳಿಯುವುದಿಲ್ಲ.

ಅಜ್ಜನಿಗೆ ಇದನ್ನೆಲ್ಲ ಹೇಳಿದೆ. "ಕಾಯ್ದೆ ಬಂದ್ರೆ ಒಂದು ಮೊಳೆ ಹೊಡೆಯೋಕೂ ಆಫೀಸು ಅಲೀಬೇಕಾಗುತ್ತೆ ಮಗಾ" ಎಂದರು. ಮಳೆಗಾಲದಲ್ಲಿ ಆ ಮಾಳಿಗೆ ಸೋರುತ್ತದೆ. ಕೆಳಗಿನ ಸಾಲಿಗೆ ಗೆದ್ದಲು ಹತ್ತಿದೆ. ಅವರ ಭಯ ನ್ಯಾಯವಾದದ್ದೇ. ಸುಮ್ನೆ ಬೋರ್ಡು ನೆಟ್ಟು ಹೋಗುವ ರಕ್ಷಣೆ ಯಾರಿಗೆ ಬೇಕು? ಮೊದಲು ಮಾಳಿಗೆ ರಿಪೇರಿಗೆ ದುಡ್ಡು ಕೊಡಿ. ಕಂದಾಯದಲ್ಲಿ ರಿಯಾಯಿತಿ ಕೊಡಿ. ಆಮೇಲೆ ಪಟ್ಟಿಗೆ ಸೇರಿಸಿ.

ಸರ್ಕಾರ ಬರುವವರೆಗೆ ನಾನು ಕಾಯುವುದಿಲ್ಲ. ಭಾನುವಾರ ಬೆಳಿಗ್ಗೆ ಅಂಗಡಿಗೆ ಹೋಗುತ್ತಿದ್ದೇನೆ. ಅಜ್ಜ ಒಪ್ಪಿದ್ದಾರೆ. ಒಂದೊಂದೇ ಡ್ರಾಯರ್ ತೆಗೆದು ಫೋಟೋ ಹಿಡಿದು, ಅಳತೆ ತೆಗೆದು, ಒಳಗೇನಿದೆ ಎಂದು ಅವರು ಹೇಳಿದ ಹಾಗೇ ಬರೆದುಕೊಳ್ಳುತ್ತೇನೆ. ಗೆದ್ದಲು ಹಿಡಿದ ಹಳೇ ಮರವನ್ನು ಉಳಿಸಲು ಗೊತ್ತಿರುವ ಬಡಗಿಗಳು ದುರ್ಗದ ಸುತ್ತಮುತ್ತ ಇದ್ದರೆ ದಯವಿಟ್ಟು ಹೇಳಿ. ಅವರ ಕೂಲಿ ನಾನು ಕೊಡುತ್ತೇನೆ.