ಎಲ್ಲರೂ ತೆಪ್ಪದಲ್ಲಿ ಬಂದವರಲ್ಲ

“ಕ್ಯೂಬಾ ಬಿಟ್ಟು ಅಮೆರಿಕದ ಮಯಾಮಿ ಸೇರಿದವರೆಲ್ಲ ತೆಪ್ಪದಲ್ಲಿ ಕಡಲು ದಾಟಿದವರು, ಅವರ ಸಣ್ಣಕತೆಗಳಲ್ಲಿ ಬರುವ ವಿಮಾನ ಬರೀ ಕಲ್ಪನೆ” ಎಂಬ ಸಂದೇಶ ಹರಿದಾಡುತ್ತಿದೆ. ಇದು ತಪ್ಪು. 1959ರ ಕ್ರಾಂತಿಯ ಬಳಿಕ ಮೊದಲು ಹೊರಟ ವೈದ್ಯರು, ವಕೀಲರು, ವ್ಯಾಪಾರಿಗಳಲ್ಲಿ ಹೆಚ್ಚಿನವರು ಹತ್ತಿದ್ದು ಮಾಮೂಲಿ ವಿಮಾನವನ್ನೇ. 1960–62ರಲ್ಲಿ 14,000ಕ್ಕೂ ಹೆಚ್ಚು ಮಕ್ಕಳು, ಜೊತೆಗೆ ಅಪ್ಪ-ಅಮ್ಮ ಇಲ್ಲದೆ, ವಿಮಾನದಲ್ಲೇ ಬಂದಿಳಿದರು. 1965ರಿಂದ 1973ರವರೆಗೆ ಕ್ಯೂಬಾದ ವರದೇರೋ ಪಟ್ಟಣದಿಂದ ಹಾರಿದ ವಿಮಾನಗಳಿಗೆ ಕ್ಯೂಬಾ, ಅಮೆರಿಕ ಎರಡೂ ಸರ್ಕಾರಗಳ ಒಪ್ಪಿಗೆ ಇತ್ತು. 1980ರಲ್ಲಿ ಮರಿಯೆಲ್ ಬಂದರಿನಿಂದ ಬಂದ ಸುಮಾರು 1,25,000 ಜನ ಕೂಡ ದೋಣಿಗಳಲ್ಲಿ ಬಂದವರು, ತೆಪ್ಪಗಳಲ್ಲಲ್ಲ. ತೆಪ್ಪದ ಚಿತ್ರ ತಲೆಯಲ್ಲಿ ಕೂತದ್ದು ಮುಖ್ಯವಾಗಿ ಸಾವಿರಾರು ಜನ ತೆಪ್ಪಗಳಲ್ಲಿ ಹೊರಟ 1994ರ ಬೇಸಿಗೆಯಿಂದ (ಟೀವಿಯ ಮಹಿಮೆ ಅನ್ನಿ). ಹವಾನಾದ ವಕೀಲ ವಿಮಾನದಲ್ಲಿ ಬಂದು ಮಯಾಮಿಯ ಹೋಟೆಲಿನಲ್ಲಿ ತಟ್ಟೆ ತೊಳೆಯುವ ಕತೆಯಲ್ಲಿ ಅಸಹಜವಾದದ್ದೇನೂ ಇಲ್ಲ.