ಸತ್ಯಾಂಶ: ಶೂ ಮೆತ್ತಗಿದ್ದಷ್ಟೂ ಕಾಲಿಗೆ ಒಳ್ಳೆಯದೇ?

ಆಸ್ಪತ್ರೆಯಲ್ಲಿ ದಿನವಿಡೀ ನಿಲ್ಲುವವರು ಅತಿ ಮೆತ್ತನೆಯ ಶೂ ಹಾಕಿದರೆ ಕಾಲುನೋವೇ ಬರದು ಎಂಬ ಸಂದೇಶ ವಾಟ್ಸಾಪ್ ಗುಂಪುಗಳಲ್ಲಿ ಆಗಾಗ ಬರುತ್ತದೆ. ಕಳಿಸುವವರದು ಕಾಳಜಿಯೇ, ಅಂಗಡಿಯಲ್ಲಿ ಹಾಕಿ ನೋಡಿದಾಗ ಹಾಗೆ ಅನಿಸುವುದೂ ನಿಜ. ಆದರೆ ತೀರಾ ಮೆತ್ತನೆಯ ಫೋಮ್ ಮೈಭಾರಕ್ಕೆ ಅಪ್ಪಚ್ಚಿಯಾಗಿ ಪಾದ ಒಂದು ಬದಿಗೆ ವಾಲುತ್ತದೆ. ಅದನ್ನು ನೆಟ್ಟಗೆ ಹಿಡಿಯಲು ಪಾದದ, ಮೀನಖಂಡದ ಸ್ನಾಯುಗಳು 12 ಗಂಟೆಯ ಪಾಳಿಯುದ್ದಕ್ಕೂ ಹೆಚ್ಚು ದುಡಿಯಬೇಕಾಗುತ್ತದೆ.

ಕೊಳ್ಳುವ ಮುನ್ನ ನೀವೇ ಪರೀಕ್ಷಿಸಿ. ಶೂವಿನ ಹಿಂಬದಿಯನ್ನು ಹೆಬ್ಬೆರಳಿನಿಂದ ಒತ್ತಿ. ಸುಲಭವಾಗಿ ಕುಸಿದರೆ ಹಿಮ್ಮಡಿಗೆ ಆಸರೆಯಿಲ್ಲ. ಎರಡೂ ತುದಿ ಹಿಡಿದು ಮಡಿಸಿದರೆ ಕಾಲ್ಬೆರಳುಗಳ ಬುಡದಲ್ಲಿ ಬಾಗಬೇಕು, ನಟ್ಟನಡುವೆ ಅಲ್ಲ. ಒದ್ದೆ ಬಟ್ಟೆ ಹಿಂಡುವಂತೆ ತಿರುಚಿದಾಗ ಪೂರ್ತಿ ತಿರುಗಿದರೆ ಬೇಡ.

ಹೆಚ್ಚಿನವರು ಎಡವುವುದು ಅಳತೆಯಲ್ಲಿ. ಸಂಜೆಗೆ ಪಾದ ತುಸು ಊದಿರುತ್ತದೆ, ಹಾಗಾಗಿ ಆಗಲೇ, ಡ್ಯೂಟಿಯ ಸಾಕ್ಸ್ ಹಾಕಿಕೊಂಡೇ ಕೊಳ್ಳಿ. ನಿಂತಾಗ ಉದ್ದನೆಯ ಬೆರಳಿನ ಮುಂದೆ ಸುಮಾರು 1 ಸೆಂ.ಮೀ. ಜಾಗವಿರಲಿ, ಕೆಲವರಿಗೆ ಅದು ಹೆಬ್ಬೆರಳಲ್ಲ, ಎರಡನೆಯದು. "ಹಾಕ್ತಾ ಹಾಕ್ತಾ ಸಡಿಲ ಆಗುತ್ತೆ" ಎಂಬ ಮಾತಿಗೆ ಒಪ್ಪಬೇಡಿ. ಮೇಲ್ಭಾಗದಲ್ಲಿ ತೂತುಗಳಿರುವುದು ವಾರ್ಡಿಗೆ ಬೇಡ: ಸೂಜಿ ಬೀಳಬಹುದು, ರಕ್ತ ಚೆಲ್ಲಬಹುದು.

ಬೆಳಿಗ್ಗೆ ಎದ್ದು ಇಡುವ ಮೊದಲ ಹೆಜ್ಜೆಗೇ ಹಿಮ್ಮಡಿ ಚುಚ್ಚುತ್ತಿದ್ದರೆ ಹೊಸ ಶೂ ನಂಬಿ ಕಾಯದೆ ವೈದ್ಯರಿಗೆ ತೋರಿಸಿ.